ಪೆನ್ನು ಹಿಡಿದ ಹಾಗೆ ಬ್ಯಾಟು

ಕುಮಟಾದ ಹಳೆಯ ಸಭಾಂಗಣ. ಹೊರಗೆ ಆಷಾಢದ ಮಳೆ ಹಂಚಿನ ಮೇಲೆ ಬಡಿಯುತ್ತಿದೆ, ಒಳಗೆ ಟ್ಯೂಬ್‌ಲೈಟಿನ ಕೆಳಗೆ ಟಿಟಿ ಮೇಜು. ಮಳೆಗಾಲದ ಕರಾವಳಿಯಲ್ಲಿ ಬ್ಯಾಟಿನ ರಬ್ಬರಿಗೂ ತೇವ ಕೂರುತ್ತದೆ, ಚೆಂಡು ಕಚ್ಚದೆ ಜಾರುತ್ತದೆ. ಆಡುತ್ತಿರುವ ಇಬ್ಬರೂ ಆಗಾಗ ಬ್ಯಾಟನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ.

ಒಂದು ಬದಿಗೆ ಭಟ್ಕಳದಿಂದ ಬಸ್ಸು ಹತ್ತಿ ಬಂದ ಕಾಲೇಜು ಹುಡುಗ. ಅವನದು ಎಲ್ಲರಂತೆ ಶೇಕ್‌ಹ್ಯಾಂಡ್: ಹಿಡಿ ಮುಷ್ಟಿಯೊಳಗೆ, ತೋರುಬೆರಳು ಹಲಗೆಯ ಅಂಚಿನುದ್ದಕ್ಕೆ. ಎದುರಿಗೆ ಎಪ್ಪತ್ತು ದಾಟಿದವರು, ಮುಂಬೈಯ ಬ್ಯಾಂಕಿನಲ್ಲಿ ದುಡಿದು ಊರಿಗೆ ಮರಳಿದವರು. ಅವರ ಹೆಬ್ಬೆರಳೂ ತೋರುಬೆರಳೂ ಪೆನ್ನು ಹಿಡಿದ ಹಾಗೆ ಹಿಡಿಯ ಕೊರಳನ್ನು ತಬ್ಬಿವೆ. ಉಳಿದ ಮೂರು ಬೆರಳು ಹಿಂದೆ ಮಡಚಿ ಕೂತಿವೆ, ಹಲಗೆ ಕೆಳಮುಖವಾಗಿ ಜೋತಿದೆ. ಹೊನ್ನಾವರದಿಂದ ಬಂದ ಹುಡುಗರು ಗೋಡೆಗೊರಗಿ ಆ ಬೆರಳುಗಳನ್ನೇ ನೋಡುತ್ತಿದ್ದಾರೆ.

ಸರ್ವ್. ಮಣಿಕಟ್ಟು ಕ್ಷಣದಲ್ಲಿ ಒಳಗೆ ತಿರುಗಿ ಹೊರಗೆ ಬಂತು. ಹುಡುಗ ಮೆಲ್ಲಗೆ ತಳ್ಳಿದ, ಚೆಂಡು ನೆಟ್ಟಿಗೆ ಬಿತ್ತು.

“ಮಾಮ, ಇದು ಯಾವ ಸ್ಪಿನ್ನು?”

“ಚೆಂಡು ನೋಡು ತಮ್ಮಾ, ನನ್ನ ಕೈ ನೋಡಬೇಡ.”

ಆ ಕೈಯನ್ನು ನೋಡದಿರುವುದೇ ಕಷ್ಟ. ಪೆನ್‌ಹೋಲ್ಡ್ ಎನ್ನುವ ಈ ಹಿಡಿತದ ನಿಜವಾದ ಬಲ ಮಣಿಕಟ್ಟಿನ ಸಡಿಲದಲ್ಲಿದೆ. ಮೇಜಿನ ಹತ್ತಿರ ನಿಂತು ಸಣ್ಣ ಚೆಂಡಿಗೆ ಕೈ ಚಾಚುವಾಗ ಅದರಷ್ಟು ಚುರುಕಾದ ಹಿಡಿತ ಇನ್ನೊಂದಿಲ್ಲವೆಂದೇ ನನಗನಿಸುತ್ತದೆ. ಅವರು ಇದನ್ನು ಕಲಿತ ಮುಂಬೈಯಲ್ಲೇ 1952ರಲ್ಲಿ ಏಷ್ಯಾದ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಿತ್ತು. ಕನ್ನಡಕ ಹಾಕಿದ ಜಪಾನಿನ ಹಿರೋಜಿ ಸಾತೋ ಇದೇ ಹಿಡಿತದಲ್ಲಿ, ದಪ್ಪ ಸ್ಪಂಜಿನ ಬ್ಯಾಟಿನಿಂದ ಯುರೋಪಿನ ಘಟಾನುಘಟಿಗಳನ್ನು ಮಣಿಸಿ ಗೆದ್ದ. ಆ ಸ್ಪಂಜಿಗೆ ಚೆಂಡು ತಗಲಿದ ಸದ್ದೇ ಎದುರಾಳಿಗಳಿಗೆ ಕೇಳುತ್ತಿರಲಿಲ್ಲವಂತೆ.

ಬ್ಯಾಟಿನ ಹಲಗೆ ಚಪ್ಪಟೆಯಾಗಿರಬೇಕು, ಬಾಗಬಾರದು ಎನ್ನುವ ನಿಯಮ ಅದನ್ನು ಹೇಗೆ ಹಿಡಿಯಬೇಕೆಂದು ಹೇಳುವುದಿಲ್ಲ. ಎರಡೂ ಕೈ ಕಳೆದುಕೊಂಡ ಈಜಿಪ್ಟಿನ ಇಬ್ರಾಹಿಂ ಹಮಾದ್ತು ಬಾಯಲ್ಲೇ ಬ್ಯಾಟು ಕಚ್ಚಿ, ಕಾಲ್ಬೆರಳಿಂದ ಚೆಂಡು ಚಿಮ್ಮಿಸಿ 2016ರ ರಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಆಡಿದರು. ಹೀಗಿರುವಾಗ ಶಿಬಿರಗಳಲ್ಲಿ ಮಕ್ಕಳ ಬೆರಳನ್ನೆಲ್ಲ ಒಂದೇ ಅಚ್ಚಿಗೆ ಒತ್ತುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹುಡುಗ ಈಗ ದಾರಿ ಕಂಡುಕೊಂಡಿದ್ದಾನೆ. ಚೆಂಡನ್ನು ಅವರ ಎಡಮೂಲೆಗೆ ಉದ್ದಕ್ಕೆ ಕಳಿಸುತ್ತಾನೆ. ಹಳೆಯ ಪೆನ್‌ಹೋಲ್ಡಿಗೆ ಬ್ಯಾಕ್‌ಹ್ಯಾಂಡೇ ಸಂಕಟದ ಜಾಗ. ಎರಡೂ ಕಡೆಗೆ ಒಂದೇ ಮುಖದಿಂದ ಹೊಡೆಯಬೇಕು, ಇಲ್ಲವೇ ಪಾದ ಕಿತ್ತು ಓಡಿ ಫೋರ್‌ಹ್ಯಾಂಡಿಗೆ ಜಾಗ ಮಾಡಿಕೊಳ್ಳಬೇಕು. ಚೀನಾದ ಲಿಯು ಗುವೊಲಿಯಾಂಗ್ ಹಲಗೆಯ ಹಿಂಬದಿಯನ್ನೂ ಬಳಸಿ ಆಡಿದರು. ವಾಂಗ್ ಹಾವೊ ಅದನ್ನೇ ಮುಖ್ಯ ಅಸ್ತ್ರ ಮಾಡಿಕೊಂಡು 2009ರಲ್ಲಿ ವಿಶ್ವ ಚಾಂಪಿಯನ್ ಆದರು. ಎದುರಿಗಿರುವ ಹಿರಿಯರಿಗೆ ಆ ಹೊಡೆತ ಬಾರದು, ಮಂಡಿಯೂ ಓಟಕ್ಕೆ ಒಪ್ಪುವುದಿಲ್ಲ. ನಿಂತಲ್ಲೇ ಹಲಗೆ ವಾಲಿಸಿ ತಡೆಯುತ್ತಾರೆ. ಮೂರು ಸಲ ತಡೆದರು, ನಾಲ್ಕನೆಯದು ಮೇಜಿನಾಚೆ ಹೋಯಿತು. 11–9, ಗೇಮು ಹುಡುಗನದು.

“ಹುಷಾರಿದ್ದೀ,” ಎಂದು ನಕ್ಕು ಬ್ಯಾಟನ್ನು ಹೊನ್ನಾವರದ ಹುಡುಗನೊಬ್ಬನತ್ತ ನೀಡಿದರು. ಅವನು ಮೂರು ಬೆರಳನ್ನು ಹಿಂದೆ ಮಡಚಿಕೊಂಡು ಮೇಜಿಗೆ ಬಂದ. ಮೊದಲ ಚೆಂಡು ಗೋಡೆಗೆ ಹೋಯಿತು. ಎರಡನೆಯದು ನೆಟ್ಟು ದಾಟಿತು.