ನೊವಾಕ್: ಹೊಸಬನ ಮನೆತನ

ಮಗುವಿಗೆ ಹೆಸರಿಡುವವರು ತಾಯಿತಂದೆಗಳು. ಮನೆತನಕ್ಕೆ ಹೆಸರಿಡುವವರಾದರೋ ಬಹುಮಟ್ಟಿಗೆ ನೆರೆಹೊರೆಯವರು. ಯೂರೋಪು ಖಂಡದ ‘ನೊವಾಕ್’ ಎಂಬ ಹೆಸರು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಸ್ಲಾವ್ ಭಾಷೆಗಳಲ್ಲಿ ‘ನೊವ್’ ಎಂದರೆ ಹೊಸದು. ಸಂಸ್ಕೃತದ ‘ನವ’ ಶಬ್ದವೂ ಇದೂ ಒಂದೇ ಬೇರಿನಿಂದ ಹುಟ್ಟಿದ ಸೋದರಶಬ್ದಗಳು. ನವವಧು, ನವೀನ ಎಂದು ನಿತ್ಯವೂ ನುಡಿಯುವ ನಮಗೆ ಈ ಹೆಸರು ತೀರ ಪರಕೀಯವಲ್ಲ. ನೊವಾಕ್ ಎಂದರೆ ಹೊಸಬನು. ಬೇರೆಡೆಯಿಂದ ಬಂದು ಹಳ್ಳಿಯಲ್ಲಿ ನೆಲಸಿದವನನ್ನು ಊರವರು ಹೀಗೆ ಕರೆದರು. ಕಸುಬಿಗೆ ಹೊಸದಾಗಿ ಸೇರಿದವನಿಗೂ ಈ ಹೆಸರು ಅಂಟಿತು. ಅವನು ಮುದುಕನಾದನು, ಮೊಮ್ಮಕ್ಕಳು ಅದೇ ಊರಿನಲ್ಲಿ ಹುಟ್ಟಿದರು. ಆದರೂ ಮನೆತನವು ‘ಹೊಸಬರದು’ ಆಗಿಯೇ ಉಳಿಯಿತು.

ಇಂಥ ಹೊಸಬರು ಎಷ್ಟು ಮಂದಿ ಇದ್ದಿರಬೇಕೆಂಬುದನ್ನು ಇಂದಿನ ಲೆಕ್ಕವೇ ಸೂಚಿಸುತ್ತದೆ. ಪೋಲೆಂಡಿನಲ್ಲಿ ಸುಮಾರು 2 ಲಕ್ಷ ಜನರು ಈ ಹೆಸರುಳ್ಳವರು. ಅಲ್ಲಿ ಇದಕ್ಕಿಂತ ಹೆಚ್ಚು ಬಳಕೆಯ ಮನೆತನದ ಹೆಸರು ಮತ್ತೊಂದಿಲ್ಲ. ಚೆಕ್ ದೇಶದಲ್ಲಿಯೂ, ಸುಮಾರು 11 ಸಾವಿರ ನೊವಾಕರಿರುವ ಪುಟ್ಟ ಸ್ಲೊವೇನಿಯದಲ್ಲಿಯೂ ಇದಕ್ಕೇ ಅಗ್ರಸ್ಥಾನ. ಜರ್ಮನಿಯ ಪೂರ್ವಭಾಗದ ಸೋರ್ಬ್ ಎಂಬ ಸ್ಲಾವ್ ಜನರಲ್ಲಿ ಇದು ‘ನೋಆಕ್’ ಎಂದು ರೂಪಾಂತರ ಹೊಂದಿತು. ಸರ್ಬಿಯದಲ್ಲಿ ಇದು ವ್ಯಕ್ತಿನಾಮವೂ ಹೌದು. 1987ರಲ್ಲಿ ಹುಟ್ಟಿದ ಟೆನ್ನಿಸ್ ವೀರ ನೊವಾಕ್ ಜೊಕೊವಿಚನನ್ನು ಅರಿಯದವರು ವಿರಳ.

ಚೆಕ್ ದೇಶದ ಪದ್ಧತಿಯು ಗೃಹಿಣಿಯರಿಗೆ ಕುತೂಹಲಕರವಾದುದು. ಅಲ್ಲಿ ಪತಿಯು ನೊವಾಕ್ ಆದರೆ ಪತ್ನಿಯೂ ಮಗಳೂ ‘ನೊವಾಕೊವಾ’ ಎನಿಸುವರು. ಪುರುಷರ ರೂಪವನ್ನೇ ಇಟ್ಟುಕೊಳ್ಳುವ ಸ್ವಾತಂತ್ರ್ಯವು ಎಲ್ಲ ಸ್ತ್ರೀಯರಿಗೂ ದೊರೆತದ್ದು 2022ರಲ್ಲಿ.

ಯೆಹೂದ್ಯರಿಗೆ ಈ ಹೆಸರು ಬಂದ ದಾರಿ ಬೇರೆ. ಮಧ್ಯ ಹಾಗೂ ಪೂರ್ವ ಯೂರೋಪಿನ ಯೆಹೂದ್ಯರಲ್ಲಿ ಹೆಚ್ಚಿನವರಿಗೆ ಹದಿನೆಂಟನೆಯ ಶತಮಾನದ ಕೊನೆಯವರೆಗೂ ವಂಶಪಾರಂಪರ್ಯದ ಹೆಸರಿರಲಿಲ್ಲ. ಇಂಥವನ ಮಗ ಇಂಥವನೆಂದರೆ ಸಾಕಾಗಿತ್ತು. ಆದರೆ ತೆರಿಗೆಗೂ ಸೈನ್ಯಕ್ಕೂ ಜನರನ್ನು ಗುರುತಿಸಬೇಕಾದ ಸರಕಾರಗಳಿಗೆ ಅದು ಸಾಲದಾಯಿತು. 1787ರಲ್ಲಿ ಆಸ್ಟ್ರಿಯದ ಚಕ್ರವರ್ತಿ ಎರಡನೆಯ ಜೋಸೆಫನೂ, 1804ರಲ್ಲಿ ರಷ್ಯವೂ, 1812ರಲ್ಲಿ ಪ್ರಷ್ಯವೂ ಅವರು ಸ್ಥಿರವಾದ ಹೆಸರನ್ನು ಹೊಂದತಕ್ಕದ್ದೆಂದು ವಿಧಿಸಿದುವು. ಜೋಸೆಫನು ಜರ್ಮನ್ ಹೆಸರುಗಳನ್ನೇ ಕಡ್ಡಾಯ ಮಾಡಿದನು. ಅಲ್ಲಿಯ ‘ನಾಯ್‌ಮನ್’ ಎಂಬುದರ ಅರ್ಥವೂ ಹೊಸ ಮನುಷ್ಯನೆಂದೇ. ಸ್ಲಾವ್ ಭಾಷೆಯ ಸೀಮೆಗಳಲ್ಲಿ ದರ್ಜಿಯು ಕ್ರಾವೆಟ್ಸ್ ಆದನು, ಧರ್ಮವಿಧಿಯಂತೆ ಪಶುವನ್ನು ಕೊಯ್ಯುವವನು ರೆಜ್ನಿಕ್ ಆದನು, ಕೆಲವರು ನೊವಾಕರಾದರು.

ಹೀಗೆ ಒಂದೇ ಹೆಸರು ಎರಡು ಮತಗಳವರಿಗೂ ಸೇರಿತು. ಅಮೆರಿಕದ ಪತ್ರಿಕೋದ್ಯಮಿ ರಾಬರ್ಟ್ ನೊವಾಕ್ (1931–2009) ಯೆಹೂದ್ಯ ಕುಲದಲ್ಲಿ ಹುಟ್ಟಿದವನು. ನಟಿ ಕಿಮ್ ನೊವಾಕಳದು ಚೆಕ್ ಮೂಲ. ಹೆಸರನ್ನು ಕೇಳಿದ ಮಾತ್ರಕ್ಕೆ ಮತವನ್ನು ಊಹಿಸಲಾಗದು. ಇದು ಬರಿಯ ವಿನೋದದ ಸಂಗತಿಯಲ್ಲ. 1939ರಿಂದ 1945ರವರೆಗಿನ ಯುದ್ಧಕಾಲದಲ್ಲಿ, ಜರ್ಮನರ ವಶವಾಗಿದ್ದ ಪೋಲೆಂಡಿನಲ್ಲಿ, ಯೆಹೂದ್ಯನೆಂದು ತೋರಿಸುವ ಹೆಸರೇ ಮೃತ್ಯುಪತ್ರವಾಗಬಹುದಾಗಿತ್ತು. ಸಾಮಾನ್ಯ ಪೋಲಿಷ್ ಹೆಸರಿನ ಕೃತಕ ಕಾಗದಗಳನ್ನು ಪಡೆದು ಪ್ರಾಣ ಉಳಿಸಿಕೊಂಡವರುಂಟು.

ಕಿಮ್ ನೊವಾಕಳ ಮೊದಲಿನ ಹೆಸರು ಮರಿಲಿನ್. ಚಿತ್ರಸಂಸ್ಥೆಯವರು ಮನೆತನದ ಹೆಸರನ್ನೂ ಬದಲಿಸಬೇಕೆಂದರು. ಆಕೆ ಮರಿಲಿನ್ ಎಂಬುದನ್ನು ಬಿಟ್ಟುಕೊಟ್ಟಳು. ನೊವಾಕ್ ಎಂಬುದನ್ನು ಬಿಡಲಿಲ್ಲ. ಎಂದೋ ಯಾವುದೋ ಹಳ್ಳಿಯವರು ಪರಸ್ಥಳದವನೊಬ್ಬನಿಗೆ ಇಟ್ಟ ಹೆಸರು, ಅವನ ಸಂತತಿಗೆ ಅಷ್ಟು ಸ್ವಂತದ್ದಾಗಿತ್ತು.