ಗೋಧಿ ಬಿಟ್ಟ ಮೇಲೂ ಮೈ ಸೊರಗುತ್ತಿದ್ದರೆ

ಹಲಸಿಗೆ ಹೆಸರಾದ ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆಯ ಊಟದಲ್ಲಿ ಗೋಧಿಯ ಪಾಲು ದೊಡ್ಡದಲ್ಲ. ರಾಗಿ ಮುದ್ದೆ, ಅನ್ನ, ಅವರೆಕಾಳು, ತೆಂಗು ಯಾವುದರಲ್ಲೂ ಗ್ಲುಟೆನ್ ಇಲ್ಲ. ಅದು ಗೋಧಿ, ಬಾರ್ಲಿಯಂಥ ಧಾನ್ಯಗಳ ಪ್ರೋಟೀನು. ಇಲ್ಲಿನ ಮನೆಗಳಿಗೆ ಗೋಧಿ ಬರುವುದು ಉಪ್ಪಿಟ್ಟಿನ ರವೆ, ಶಾವಿಗೆ, ಬನ್ನು, ಬಿಸ್ಕತ್ತುಗಳಲ್ಲಿ, ಸಕ್ಕರೆ ಕಾಯಿಲೆಯವರ ಚಪಾತಿಯಲ್ಲಿ. ಹಾಗಾಗಿ ಇಲ್ಲಿ ಗ್ಲುಟೆನ್ ಬಿಡುವುದು ಅಂಥ ಕಷ್ಟವಲ್ಲ. ಆದರೆ ಬಿಟ್ಟ ಮೇಲೆ ಹೊಟ್ಟೆ ತುಂಬ ಉಂಡರೂ ತೂಕ ಇಳಿಯುತ್ತಲೇ ಹೋದರೆ ಅದನ್ನು ಪಥ್ಯದ ಫಲವೆಂದು ಸುಮ್ಮನಿರುವುದು ಅಪಾಯ.

ಸೀಲಿಯಾಕ್ ಕಾಯಿಲೆಯಲ್ಲಿ ಗ್ಲುಟೆನ್ ಒಳಗೆ ಹೋದಾಗ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಗ್ಲುಟೆನ್ ಬಿಟ್ಟರೆ ಒಳಪದರ ನಿಧಾನವಾಗಿ ಚಿಗುರುತ್ತದೆ, ಕಳೆದ ತೂಕ ಸಾಮಾನ್ಯವಾಗಿ ಮರಳುತ್ತದೆ. ಅಂದಮೇಲೆ ಪಥ್ಯದಲ್ಲಿದ್ದೂ ಇಳಿಯುತ್ತಿದ್ದರೆ, ಹೆಚ್ಚಾಗಿ ಒಂದೋ ಗ್ಲುಟೆನ್ ಕಣ್ತಪ್ಪಿ ಒಳಗೆ ಹೋಗುತ್ತಿದೆ, ಇಲ್ಲವೇ ತೂಕ ಕಳೆಯುವ ಬೇರೊಂದು ಕಾಯಿಲೆ ಇದೆ. ಕಣ್ತಪ್ಪುವ ದಾರಿಗಳು ನಮ್ಮ ಅಡುಗೆಮನೆಯಲ್ಲೇ ಇವೆ. ಒಗ್ಗರಣೆಯ ಇಂಗಿಗೆ ಮೈದಾ ಬೆರೆಸುವುದುಂಟು. ಹಾಲಿಗೆ ಹಾಕುವ ಡಬ್ಬಿಯ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ, ಗೋಧಿ ಇರುತ್ತವೆ. ಗೋಧಿ ಬೀಸಿದ ಮಿಲ್ಲಿನಲ್ಲೇ ರಾಗಿ ಬೀಸಿಸಿದರೆ ಆ ಹಿಟ್ಟಿಗೂ ಗೋಧಿ ಸೇರುತ್ತದೆ. ಸೀಲಿಯಾಕ್ ಇರುವವರಿಗೆ ಅಷ್ಟೂ ಹೆಚ್ಚಾಗಬಹುದು.

ಆದರೂ ನಮ್ಮ ಕಡೆ ಬೇರೆ ಕಾಯಿಲೆಯ ಅನುಮಾನವೇ ಬಲವಾಗಿರಬೇಕು. 23,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ಉತ್ತರ ಭಾರತದ ಶೇ. 1.23 ಜನರಲ್ಲಿದ್ದರೆ ದಕ್ಷಿಣದಲ್ಲಿ ಶೇ. 0.10 ಜನರಲ್ಲಿ ಮಾತ್ರ ಕಂಡವು. ಕರುಳು ಆಹಾರವನ್ನು ಹೀರಿಕೊಳ್ಳದ ಕಾಯಿಲೆ ದಕ್ಷಿಣದಲ್ಲಿ ಇರಲಿಲ್ಲವೆಂದಲ್ಲ. 1960ರ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ (ಸಿಎಂಸಿ) ವೈದ್ಯರಾದ ಸೆಲ್ವಿನ್ ಬೇಕರ್ ಮತ್ತು ವಿ.ಐ. ಮಾಥನ್ ಸುತ್ತಲಿನ ಹಳ್ಳಿಗಳಲ್ಲಿ ಅಂಥದ್ದೇ ಕಾಯಿಲೆಯಾದ ಟ್ರಾಪಿಕಲ್ ಸ್ಪ್ರೂ ಸಾಂಕ್ರಾಮಿಕದಂತೆ ಹರಡಿದ್ದನ್ನು ದಾಖಲಿಸಿದರು. ಭೇದಿ, ನಿಶ್ಶಕ್ತಿ, ಸೊರಗಿದ ಮೈ ಎಲ್ಲವೂ ಸೀಲಿಯಾಕ್‌ನಂತೆಯೇ. ಆದರೆ ಗೋಧಿ ಬಿಟ್ಟರೆ ಅದು ವಾಸಿಯಾಗದು, ಬೇಕಾದದ್ದು ಟೆಟ್ರಾಸೈಕ್ಲಿನ್ ಮತ್ತು ಫೋಲಿಕ್ ಆಮ್ಲ. ಕ್ಷಯ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಅತಿಯಾಗಿ ಕೆಲಸ ಮಾಡುವ ಥೈರಾಯ್ಡ್, ಖಿನ್ನತೆ, ಕ್ಯಾನ್ಸರ್ ಕೂಡ ಹೀಗೆಯೇ ತೂಕ ಕಳೆಯುತ್ತವೆ. ಇವು ಯಾವುವೂ ಚಪಾತಿ ಬಿಟ್ಟದ್ದಕ್ಕೆ ಹಿಂದೆ ಸರಿಯುವುದಿಲ್ಲ.

ಬನ್ನು, ಬಿಸ್ಕತ್ತು ಬಿಟ್ಟರೆ ತೂಕ ಇಳಿಯುವುದು ಸಹಜವಲ್ಲವೇ ಎನ್ನಬಹುದು. ಊಟವೇ ಕಡಿಮೆಯಾಗಿದ್ದರೆ ನಿಜ. ಆದರೆ ಆ ಇಳಿತ ಒಂದು ಹಂತದಲ್ಲಿ ನಿಲ್ಲುತ್ತದೆ. ಇಳಿಸಬೇಕೆಂದು ಹೊರಡದವರಲ್ಲಿ ಆರರಿಂದ ಹನ್ನೆರಡು ತಿಂಗಳೊಳಗೆ ಶೇ. 5ರಷ್ಟು, ಎಂದರೆ 60 ಕೆ.ಜಿ.ಯವರಲ್ಲಿ 3 ಕೆ.ಜಿ. ಹೋದರೆ ವೈದ್ಯರು ಕಾರಣ ಹುಡುಕುತ್ತಾರೆ. ಸೀಲಿಯಾಕ್ ಇಲ್ಲಿ ಅಪರೂಪ, ಪರೀಕ್ಷೆಯೇಕೆ ಎನ್ನುವುದೂ ಸರಿಯಲ್ಲ, ಅಪರೂಪವೆಂದರೆ ಇಲ್ಲವೆಂದಲ್ಲ. ಅದರ ರಕ್ತಪರೀಕ್ಷೆಯನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು, ಬಿಟ್ಟು ಬಹಳ ದಿನವಾದರೆ ಕಾಯಿಲೆಯಿದ್ದರೂ ಇಲ್ಲವೆಂದು ಬರಬಹುದು. ಈಗಾಗಲೇ ಬಿಟ್ಟವರು ಅದನ್ನು ವೈದ್ಯರಿಗೆ ಹೇಳಬೇಕು. ಕೆಲವು ವಾರ ಮತ್ತೆ ಗೋಧಿ ತಿಂದು ಬರಲು ಅವರು ಸೂಚಿಸಬಹುದು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ ಇದ್ದವರು ಮಾತ್ರ ಅಷ್ಟೂ ಕಾಯಬಾರದು, ಅದು ಕ್ಷಯವಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದರ ಕಫದ ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ.