ಹೇಳಲಾಗದ್ದನ್ನು ಹೇಳುವ ದಾರಿ: ಆಘಾತಕ್ಕೊಳಗಾದ ಹದಿಹರೆಯದವರು ಮತ್ತು ಮನೋಚಿಕಿತ್ಸೆ

ಸಮುವೇಲನ ಎರಡನೆಯ ಗ್ರಂಥದ 13ನೆಯ ಅಧ್ಯಾಯದಲ್ಲಿರುವ ತಾಮಾರಳ ವೃತ್ತಾಂತವನ್ನು ಪ್ರಸಂಗಕ್ಕೆ ಆರಿಸಿಕೊಳ್ಳುವವರು ನಮ್ಮಲ್ಲಿ ವಿರಳ. ಅಮ್ನೋನನು ಆಕೆಯ ಮೇಲೆ ಬಲಾತ್ಕಾರ ನಡೆಸಿದ ಮೇಲೆ ಆಕೆ ಮೌನವಾಗಿರಲಿಲ್ಲ. ತಲೆಯ ಮೇಲೆ ಬೂದಿ ಹಾಕಿಕೊಂಡು, ಅಂಗಿಯನ್ನು ಹರಿದುಕೊಂಡು, ಗೋಳಾಡುತ್ತಾ ಹೊರಟಳು. ಆಕೆಯನ್ನು ಸುಮ್ಮನಾಗಿಸಿದವನು ಸ್ವಂತ ಅಣ್ಣನಾದ ಅಬ್ಷಾಲೋಮನು. ತಂದೆಯಾದ ದಾವೀದನು ಸುದ್ದಿ ಕೇಳಿ ಕೋಪಗೊಂಡನೇ ಹೊರತು ಮಗಳೊಡನೆ ಮಾತಾಡಿದನೆಂದು ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಆಕೆ ಅಣ್ಣನ ಮನೆಯಲ್ಲಿ ಹಾಳಾದವಳಂತೆ ಉಳಿದಳು ಎಂಬಲ್ಲಿಗೆ ಆಕೆಯ ಕಥೆ ಮುಗಿಯುತ್ತದೆ. ಎರಡು ವರ್ಷಗಳ ತರುವಾಯ ಆ ಮನೆತನದಲ್ಲಿ ಕೊಲೆ ನಡೆಯಿತು; ಆದರೆ ಆ ಕೊಲೆಯಿಂದ ತಾಮಾರಳಿಗೆ ಯಾವ ಸ್ವಸ್ಥತೆಯೂ ದೊರೆಯಲಿಲ್ಲ.

ಗಾಯಗೊಂಡ ಮಗುವನ್ನು ಸುಮ್ಮನಿರಿಸುವ ಈ ಪದ್ಧತಿ ಇಂದಿಗೂ ನಮ್ಮ ಕುಟುಂಬಗಳಲ್ಲಿಯೂ ಸಭೆಗಳಲ್ಲಿಯೂ ಉಳಿದಿದೆ. ಆದುದರಿಂದ ಮನೋಚಿಕಿತ್ಸೆಯು ಇಂತಹ ಮಕ್ಕಳಲ್ಲಿ ಯಾವ ಬದಲಾವಣೆಯನ್ನು ತರುತ್ತದೆ, ಆ ಬದಲಾವಣೆಯನ್ನು ಅವರೇ ಹೇಗೆ ಅನುಭವಿಸುತ್ತಾರೆ ಎಂಬುದನ್ನು ಸಭಾಪಾಲಕರೂ ಸೇವೆಗೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳೂ ತಿಳಿದಿರುವುದು ಅಗತ್ಯ.

ಆಘಾತದ ಸ್ವರೂಪ

ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಯನ್ನು ಮೊದಲ ಬಾರಿಗೆ ಸೇರಿಸಿತು. ಇದರ ತಿರುಳು ನೆನಪಿಗೆ ಸಂಬಂಧಿಸಿದುದು. ಸಾಮಾನ್ಯ ದುಃಖವು ಕಾಲಕ್ರಮದಲ್ಲಿ ಗತಕಾಲಕ್ಕೆ ಸೇರಿಕೊಳ್ಳುತ್ತದೆ. ಆಘಾತದ ನೆನಪಾದರೋ ಹಾಗೆ ಸೇರಿಕೊಳ್ಳದೆ, ಈಗಲೇ ನಡೆಯುತ್ತಿರುವಂತೆ ಮರಳಿ ಬರುತ್ತದೆ. ಒಂದು ವಾಸನೆ, ಬಾಗಿಲ ಸದ್ದು, ಒಂದು ಧ್ವನಿ ಸಾಕು. ದೇಹವು ಅಪಾಯದ ಮುಂದೆ ನಿಂತಂತೆ ನಡುಗುತ್ತದೆ. ಈ ನೋವನ್ನು ತಪ್ಪಿಸಿಕೊಳ್ಳಲು ಮನಸ್ಸು ಆ ಸ್ಥಳವನ್ನೂ ಆ ಮಾತನ್ನೂ ಆ ಜನರನ್ನೂ ದೂರವಿಡುತ್ತದೆ. ಹೀಗೆ ದೂರವಿಟ್ಟಷ್ಟೂ ಭಯವು ಪರೀಕ್ಷೆಗೊಳಗಾಗದೆ ಬೆಳೆಯುತ್ತದೆ.

ಹದಿಹರೆಯದಲ್ಲಿ ಇದರ ಭಾರ ಇನ್ನೂ ಹೆಚ್ಚು. ತಾನು ಯಾರು, ಯಾರನ್ನು ನಂಬಬಹುದು, ತನ್ನ ದೇಹ ತನ್ನದೇ ಎಂಬ ಪ್ರಶ್ನೆಗಳಿಗೆ ಉತ್ತರ ರೂಪುಗೊಳ್ಳುವ ವಯಸ್ಸು ಅದು. ಆಗ ಬಿದ್ದ ಪೆಟ್ಟು ಆ ಉತ್ತರಗಳೊಳಗೇ ಸೇರಿಹೋಗುತ್ತದೆ. ‘ನನಗೆ ಕೆಟ್ಟದ್ದಾಯಿತು’ ಎಂಬುದು ‘ನಾನೇ ಕೆಟ್ಟವಳು’ ಎಂದಾಗುತ್ತದೆ. ಹೊರಗೆ ಕಾಣುವುದು ಮಾತ್ರ ಸಿಡುಕು, ಓದಿನಲ್ಲಿ ಹಿನ್ನಡೆ, ಆರಾಧನೆಗೆ ಬರಲೊಲ್ಲದಿರುವುದು. ಇದನ್ನು ನಾವು ಅವಿಧೇಯತೆಯೆಂದು ತಿಳಿದು ಬುದ್ಧಿವಾದ ಹೇಳುತ್ತೇವೆ.

ಚಿಕಿತ್ಸೆಯ ಕ್ರಮ

ಮಕ್ಕಳಿಗೂ ಹದಿಹರೆಯದವರಿಗೂ ಸಂಬಂಧಿಸಿದಂತೆ ಹೆಚ್ಚು ಪರಿಶೀಲನೆಗೊಳಗಾದ ವಿಧಾನಗಳಲ್ಲಿ ಒಂದು, ಆಘಾತಕೇಂದ್ರಿತ ಅರಿವು-ವರ್ತನಾ ಚಿಕಿತ್ಸೆ. ಅಮೆರಿಕದ ಜೂಡಿತ್ ಕೋಹೆನ್, ಆಂಥನಿ ಮನಾರಿನೊ, ಎಸ್ತರ್ ಡೆಬ್ಲಿಂಗರ್ ಇದನ್ನು ರೂಪಿಸಿದರು. ಸಾಮಾನ್ಯವಾಗಿ ಇದು 12ರಿಂದ 16 ಭೇಟಿಗಳ ಕ್ರಮ. ಮೊದಲು ಆಘಾತವೆಂದರೇನು, ದೇಹವು ಏಕೆ ಹೀಗೆ ವರ್ತಿಸುತ್ತದೆ ಎಂಬ ತಿಳುವಳಿಕೆ. ಬಳಿಕ ಉಸಿರಾಟದ ಮೂಲಕ ಉದ್ವೇಗವನ್ನು ತಗ್ಗಿಸುವ, ಭಾವನೆಗಳಿಗೆ ಹೆಸರಿಡುವ, ಆಲೋಚನೆಗಳನ್ನು ಪರೀಕ್ಷಿಸುವ ಅಭ್ಯಾಸ. ಇಷ್ಟು ನೆಲೆ ಸಿದ್ಧವಾದ ಮೇಲೆಯೇ ನಡೆದುದರ ನಿರೂಪಣೆ ಆರಂಭವಾಗುತ್ತದೆ. ಕಿರಿಯರು ತಾಳಿಕೊಳ್ಳುವಷ್ಟನ್ನೇ ಹೇಳುತ್ತಾ ಅಥವಾ ಬರೆಯುತ್ತಾ ಹಂತಹಂತವಾಗಿ ಮುಂದುವರಿಯುತ್ತಾರೆ. ಕೇಡು ಮಾಡದ ತಂದೆತಾಯಿಗಳು ಅಥವಾ ಪೋಷಕರು ಜೊತೆಜೊತೆಗೇ ಕಲಿಯುತ್ತಾರೆ. ಕೊನೆಯಲ್ಲಿ ಸಾಧ್ಯವಾದಲ್ಲಿ ಮಗುವಿನ ನಿರೂಪಣೆಯನ್ನು ಅವರೂ ಕೇಳುತ್ತಾರೆ.

ಕಿರಿಯರು ಹೇಳಿದ್ದು

ನಾರ್ವೆ ದೇಶದಲ್ಲಿ 10ರಿಂದ 18 ವರ್ಷದ 156 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವಾಡಿಕೆಯ ಚಿಕಿತ್ಸೆಗಿಂತ ಈ ವಿಧಾನವು ಆಘಾತದ ಲಕ್ಷಣಗಳನ್ನು ಹೆಚ್ಚು ತಗ್ಗಿಸಿದುದು ಕಂಡುಬಂದಿತು. ಅದೇ ದೇಶದ ಸಂಶೋಧಕರು ಈ ಚಿಕಿತ್ಸೆ ಪಡೆದ 11ರಿಂದ 17 ವರ್ಷದ 30 ಮಂದಿಯನ್ನು ಪ್ರತ್ಯೇಕವಾಗಿ ಸಂದರ್ಶಿಸಿ, ಅವರ ಅನುಭವವನ್ನು ಅವರ ಬಾಯಿಂದಲೇ ಕೇಳಿದರು. ಪಾಲಕರಾದ ನಮಗೆ ಅಂಕಿಗಳಿಗಿಂತ ಈ ಎರಡನೆಯ ಕಾರ್ಯವೇ ಹೆಚ್ಚು ಬೋಧಪ್ರದವಾಗಿದೆ.

ಅವರಲ್ಲಿ ಅನೇಕರು ಅಳುಕಿನಿಂದಲೇ ಬಂದವರು. ನಡೆದುದನ್ನು ಮಾತಾಡಬೇಕೆಂಬುದೇ ಅವರ ಹೆದರಿಕೆಯಾಗಿತ್ತು. ಆದರೆ ಕನಿಕರದಿಂದ ಕೇಳುವ, ವಿಷಯ ಬಲ್ಲ, ಗುಟ್ಟನ್ನು ಕಾಪಾಡುವ ಒಬ್ಬರು ಎದುರಿಗಿರುವರೆಂದು ಅರಿವಾದಾಗ ಮಾತು ಸಾಧ್ಯವಾಯಿತು. ಆಘಾತವನ್ನು ನಿರೂಪಿಸುವುದು ಕಷ್ಟವಾಗಿತ್ತೆಂದೂ, ಆದರೂ ತಮಗೆ ಸಹಾಯವಾದುದು ಅದೇ ಎಂದೂ ಅವರು ಹೇಳಿದರು. ಉದ್ವೇಗವನ್ನು ತಗ್ಗಿಸಲು ಕಲಿತ ಉಪಾಯಗಳು ದಿನನಿತ್ಯದ ಬದುಕಿನಲ್ಲಿ ನೆರವಾದವು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಬದಲಾವಣೆ ಎಂದರೆ ಮರೆವು ಅಲ್ಲ. ನೆನಪು ಉಳಿಯುತ್ತದೆ, ಆದರೆ ಅದರ ಸ್ಥಾನ ಬದಲಾಗುತ್ತದೆ. ಅದುವರೆಗೆ ಕೇಳದೆಯೇ ಮೇಲೆರಗುತ್ತಿದ್ದುದು, ಈಗ ಆರಂಭವೂ ಅಂತ್ಯವೂ ಉಳ್ಳ ಒಂದು ಘಟನೆಯಾಗುತ್ತದೆ. ಅದನ್ನು ಹೇಳುವುದೋ ಬಿಡುವುದೋ ಎಂಬ ಅಧಿಕಾರ ಮಗುವಿನ ಕೈಗೆ ಮರಳುತ್ತದೆ. ತಪ್ಪು ತನ್ನದಲ್ಲವೆಂಬ ತೀರ್ಮಾನಕ್ಕೆ ಅದು ತಾನಾಗಿ ಬರುತ್ತದೆ. ಎಲ್ಲರಿಗೂ ಒಂದೇ ಪ್ರಮಾಣದ ಫಲ ಸಿಗುವುದಿಲ್ಲ, ದಾರಿಯೂ ನೇರವಲ್ಲ. ನಿರೂಪಣೆಯ ದಿನಗಳಲ್ಲಿ ಕೆಲವರಿಗೆ ನೋವು ತಾತ್ಕಾಲಿಕವಾಗಿ ಹೆಚ್ಚುವುದೂ ಉಂಟು.

ಪಾಲಕಸೇವೆಗೆ ಪಾಠಗಳು

ಮೊದಲನೆಯದು ಕ್ರಮಕ್ಕೆ ಸಂಬಂಧಿಸಿದುದು. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಸಾವನ್ನು ಬೇಡಿದ ಎಲೀಯನಿಗೆ ದೇವರು ಮೊದಲು ಉಪದೇಶ ಮಾಡಲಿಲ್ಲ. ನಿದ್ರೆ, ರೊಟ್ಟಿ, ನೀರು ಕೊಟ್ಟನು. ಆಮೇಲೆ ಹೋರೇಬಿನಲ್ಲಿ ಪ್ರಶ್ನೆ ಕೇಳಿದನು. ಪ್ರವಾದಿಯು ಒಂದೇ ಅಳಲನ್ನು ಎರಡು ಸಾರಿ ಹೇಳಿದರೂ ಗದರಿಸಲಿಲ್ಲ. ಕೊನೆಗೆ ಕೆಲಸವನ್ನೂ ಎಲೀಷನೆಂಬ ಸಂಗಡಿಗನನ್ನೂ ಕೊಟ್ಟನು. ಸುರಕ್ಷತೆ, ನಿರೂಪಣೆ, ಮರಳಿ ಜನರೊಡನೆ ಸೇರಿಕೊಳ್ಳುವುದು ಎಂಬ ಮೂರು ಹಂತಗಳನ್ನು ಜೂಡಿತ್ ಹರ್ಮನ್ 1992ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಈ ವಚನಭಾಗವನ್ನು ಚಿಕಿತ್ಸಾ ಕೈಪಿಡಿಯನ್ನಾಗಿ ಮಾಡಬೇಕಿಲ್ಲ. ಆದರೆ ನಮ್ಮ ಅವಸರವನ್ನು ಅದು ಖಂಡಿಸುತ್ತದೆ.

ಎರಡನೆಯದು ಕ್ಷಮೆಯ ಬೋಧನೆ. ಕ್ಷಮೆ ಸುವಾರ್ತೆಯ ಹೃದಯವೇ ಹೌದು. ಆದರೆ ನಡೆದುದನ್ನು ಹೇಳಲು ಇನ್ನೂ ಬಾಯಿ ಬಾರದ ಮಗುವಿನಿಂದ ಕ್ಷಮೆಯನ್ನು ಕೇಳುವುದು ಅಬ್ಷಾಲೋಮನ ಮಾತಿಗೆ ಧಾರ್ಮಿಕ ವಸ್ತ್ರ ತೊಡಿಸಿದಂತೆ. ಜನರ ಗಾಯವನ್ನು ಮೇಲೆಮೇಲೆ ವಾಸಿಮಾಡಿ, ಇಲ್ಲದ ಸಮಾಧಾನವನ್ನು ಸಾರುವವರನ್ನು ಯೆರೆಮೀಯನು ಖಂಡಿಸಿದ್ದಾನೆ. ಮಗುವಿಗೆ ‘ನೀನು ಕ್ಷಮಿಸಲಿಲ್ಲವಾದುದರಿಂದ ನಿನಗೆ ಶಾಂತಿಯಿಲ್ಲ’ ಎಂದು ಹೇಳಿದರೆ, ಅದರ ಸ್ವನಿಂದೆಗೆ ದೇವರ ಮುದ್ರೆಯನ್ನೇ ಒತ್ತಿದಂತಾಗುತ್ತದೆ.

ಮೂರನೆಯದು ಗೌಪ್ಯತೆ. ಗುಟ್ಟು ಕಾಯುವವರನ್ನು ಕಿರಿಯರು ನಂಬುತ್ತಾರೆಂದು ಕಂಡೆವು. ಆದರೆ ನಮ್ಮ ದೇಶದಲ್ಲಿ 2012ರ ಪೋಕ್ಸೋ ಕಾಯಿದೆಯ 19ನೆಯ ಪ್ರಕರಣದಂತೆ, 18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧವನ್ನು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಪ್ಪಿದರೆ ಶಿಕ್ಷೆಯುಂಟು. ಆದಕಾರಣ ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆಯನ್ನು ಸಭಾಪಾಲಕನು ಕೊಡಬಾರದು. ಮಾತು ಆರಂಭವಾಗುವ ಮುನ್ನವೇ, ಯಾವುದನ್ನು ಯಾರಿಗೆ ಏಕೆ ತಿಳಿಸಬೇಕಾಗುವುದೆಂದೂ, ಆಗ ತಾನು ಜೊತೆಗಿರುವೆನೆಂದೂ ಸರಳವಾಗಿ ಹೇಳಬೇಕು. ಕೊಟ್ಟ ಭಾಷೆಯನ್ನು ಮುರಿಯುವುದು ಆ ಮಗುವಿನ ಪಾಲಿಗೆ ಎರಡನೆಯ ದ್ರೋಹವಾಗುತ್ತದೆ.

ನಾಲ್ಕನೆಯದು ನಮ್ಮ ಮಿತಿ. ಆಘಾತದ ನಿರೂಪಣೆಯನ್ನು ನಡೆಸುವುದು ತರಬೇತಿ ಪಡೆದವರ ಕೆಲಸ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವಿದೆ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಅಲ್ಲಿಗೆ ಕಳುಹಿಸುವುದು ಪ್ರಾರ್ಥನೆಯಲ್ಲಿ ನಂಬಿಕೆಯಿಲ್ಲವೆಂಬುದರ ಗುರುತಲ್ಲ. ಕಳುಹಿಸಿದ ಮೇಲೆಯೂ ನಮ್ಮ ಕೆಲಸ ಉಳಿದಿರುತ್ತದೆ: ಮನೆಯವರನ್ನು ಧೈರ್ಯಪಡಿಸುವುದು, ಸಭೆಯಲ್ಲಿ ಗಾಳಿಮಾತು ಹಬ್ಬದಂತೆ ತಡೆಯುವುದು, ಆರೋಪಿತನು ಸಭೆಯಲ್ಲಿ ಗಣ್ಯನಾಗಿದ್ದರೂ ಮಗುವಿನ ಪಕ್ಷದಲ್ಲಿ ನಿಲ್ಲುವುದು, ಆ ಮಗು ಮತ್ತೆ ಯುವಜನರ ಕೂಟಕ್ಕೆ ಬಂದ ದಿನ ಅದಕ್ಕೊಂದು ಸ್ಥಳವಿರುವಂತೆ ನೋಡಿಕೊಳ್ಳುವುದು.

ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಪುನರುತ್ಥಾನನಾದ ಕರ್ತನ ದೇಹದಲ್ಲಿ ಗಾಯದ ಗುರುತುಗಳು ಉಳಿದಿವೆ. ಆತನು ಅವುಗಳನ್ನು ಅಡಗಿಸಲಿಲ್ಲ. ತನ್ನವರಿಗೆ ತಾನಾಗಿ ತೋರಿಸಿದನು. ಆಘಾತಕ್ಕೊಳಗಾದ ಕಿರಿಯರಿಂದ ಗುರುತೇ ಇಲ್ಲದ ದೇಹವನ್ನು ನಾವು ನಿರೀಕ್ಷಿಸಬಾರದು. ತಾಮಾರಳಿಗೆ ದೊರೆಯದೆ ಹೋದ ಕಿವಿಯು ಇಂದಿನ ಮಕ್ಕಳಿಗೆ ನಮ್ಮ ಸಭೆಗಳಲ್ಲಿ ದೊರೆಯಬೇಕು.